ಸೈನಿಕನ ಸೊಂಟಕ್ಕೆ ಯಾವ ಪಿಸ್ತೂಲು? ಗುಂಡಿನ ಗಾತ್ರದ ಜಗಳ ಮತ್ತು ಅಸಲಿ ಲೆಕ್ಕ

ಅಗ್ನಿವೀರ ಭರ್ತಿಗೆ ತಯಾರಾಗುವ ಹುಡುಗರು ಕಲಬುರಗಿ, ಬೀದರ್, ಯಾದಗಿರಿಯ ಯಾವ ಮೈದಾನಕ್ಕೆ ಬೆಳಗ್ಗೆ ಹೋದರೂ ಸಿಗುತ್ತಾರೆ. 1.6 ಕಿಲೋಮೀಟರ್ ಓಟ ಮುಗಿಸಿ ಚಹಾದ ಬಂಡಿ ಮುಂದೆ ನಿಂತರೆ ಮಾತು ಬಂದೂಕಿನ ಕಡೆ ಹೊರಳುವುದು ಗ್ಯಾರಂಟಿ. ‘ಪಾಯಿಂಟ್ 45 ಒಂದು ಬಡದ್ರ ಮನುಷ್ಯಾ ಎದ್ದೇಳಂಗಿಲ್ಲ. ನಮ್ಮವರು ಇನ್ನಾ 9 ಎಂಎಂ ಯಾಕ ಹಿಡ್ಕೊಂಡು ಕುಂತಾರ?’ ಪಾಯಿಂಟ್ 45 ಅಂದರೆ 0.45 ಇಂಚು ದಪ್ಪದ ಗುಂಡು, .45 ಅಂತ ಬರೆಯುತ್ತಾರೆ. ಈ ನಂಬಿಕೆಯ ಅರ್ಧ ಭಾಗ ಬಿಜಿಎಂಐ ಎಂಬ ಮೊಬೈಲ್ ಆಟದಿಂದ ಬಂದದ್ದು. ಅಲ್ಲಿ ಪಾಯಿಂಟ್ 45 ಪಿಸ್ತೂಲಿಗೆ ಡ್ಯಾಮೇಜ್ ಜಾಸ್ತಿ ಕೊಟ್ಟಿರುತ್ತಾರೆ. ಉಳಿದರ್ಧ ಸಿನಿಮಾದಿಂದ ಬಂದದ್ದು.

ಆದರೆ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕಳೆದ ಹತ್ತು ಹದಿಮೂರು ವರ್ಷಗಳಲ್ಲಿ ದೊಡ್ಡ ದೊಡ್ಡ ಸೇನೆಗಳು ಪಿಸ್ತೂಲು ಬದಲಾಯಿಸಿವೆ. 2013ರಲ್ಲಿ ಬ್ರಿಟನ್ ಗ್ಲಾಕ್ 17 ತೆಗೆದುಕೊಂಡಿತು, 25 ಸಾವಿರಕ್ಕೂ ಹೆಚ್ಚು. 2017ರಲ್ಲಿ ಅಮೆರಿಕದ ಸೇನೆ ಬೆರೆಟ್ಟಾ ಬಿಟ್ಟು ಸಿಗ್ ಸಾವರ್ ಪಿ320ಕ್ಕೆ ಬಂತು. 2022ರಲ್ಲಿ ಕೆನಡಾ ಕೂಡ ಅದೇ ಪಿ320ಕ್ಕೆ ಆರ್ಡರ್ ಕೊಟ್ಟಿತು. ಮೂರೂ ದೇಶ ಬದಲಾಯಿಸಿದ್ದು ಪಿಸ್ತೂಲನ್ನು ಮಾತ್ರ. ಗುಂಡು ಮೊದಲೂ 9 ಎಂಎಂ, ಈಗಲೂ 9 ಎಂಎಂ.

ಇದರಲ್ಲಿ ನಮಗೆ ನೇರ ಸಂಬಂಧವಿರುವ ಮಾತೊಂದಿದೆ. ಬ್ರಿಟನ್ ಮತ್ತು ಕೆನಡಾ ಕೈಬಿಟ್ಟ ಹಳೇ ಪಿಸ್ತೂಲು ಬ್ರೌನಿಂಗ್ ಹೈ-ಪವರ್. ನಮ್ಮ ಸೇನೆಯ ಪಿಸ್ತೂಲ್ ಆಟೊ 9 ಎಂಎಂ 1ಎ ಅದರದೇ ನಕಲು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಮೂಲ ವಿನ್ಯಾಸ ಶುರು ಮಾಡಿದ ಜಾನ್ ಬ್ರೌನಿಂಗ್ 1926ರಲ್ಲಿ ತೀರಿಕೊಂಡರು. ಬೆಲ್ಜಿಯಂನ ಎಫ್ಎನ್ ಕಂಪನಿಯ ದಿಯುದೊನೆ ಸೇವ್ ಅದನ್ನು ಮುಗಿಸಿದರು. 1935ರಲ್ಲಿ ಅದು ಬಳಕೆಗೆ ಬಂತು. ಅಂದರೆ ನಮ್ಮ ಅಧಿಕಾರಿಗಳ ಸೊಂಟದಲ್ಲಿರುವ ಪಿಸ್ತೂಲಿನ ನಕ್ಷೆಗೆ ಈಗ 90 ವರ್ಷ.

ಹಾಗಾದರೆ ಬದಲಾಯಿಸಬೇಕಾದದ್ದು ಏನು, ಗುಂಡೋ ಪಿಸ್ತೂಲೋ? ನನ್ನ ಲೆಕ್ಕದಲ್ಲಿ ಗುಂಡು ಸರಿಯಾಗೇ ಇದೆ. ಪಿಸ್ತೂಲಿಗೆ ವಯಸ್ಸಾಗಿದೆ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಖರ್ಚಿದೆ. ಅದರ ಬಗ್ಗೆ ಚಹಾದ ಬಂಡಿ ಮುಂದೆ ಯಾರೂ ಮಾತಾಡುವುದಿಲ್ಲ.

ಮೊದಲು ಗುಂಡಿನ ಜಗಳ ಮುಗಿಸೋಣ. ಇದು ಶುರುವಾಗಿದ್ದು ಫಿಲಿಪ್ಪೀನ್ಸ್‌ನಲ್ಲಿ. 1900ರ ಆಸುಪಾಸಿನಲ್ಲಿ ಅಮೆರಿಕದ ಸೈನಿಕರು ಅಲ್ಲಿ ಮೋರೊ ಹೋರಾಟಗಾರರ ಮೇಲೆ .38 ರಿವಾಲ್ವರ್ ಹಾರಿಸುತ್ತಿದ್ದರು. ಗುಂಡು ತಗುಲಿದರೂ ಅವರು ಕತ್ತಿ ಹಿಡಿದು ಮೈಮೇಲೆ ಬರುತ್ತಿದ್ದಾರೆ ಎಂಬ ದೂರು ಬಂತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳನ್ನು ಪರೀಕ್ಷೆಗೆ ನೇಮಿಸಿದರು. ಅವರು ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಮನುಷ್ಯರ ಶವಗಳ ಮೇಲೆ ಬೇರೆ ಬೇರೆ ಗಾತ್ರದ ಗುಂಡು ಹಾರಿಸಿ ನೋಡಿದರು. ಸೇನೆಯ ಪಿಸ್ತೂಲು .45ಕ್ಕಿಂತ ಕಡಿಮೆ ಇರಬಾರದು ಎಂದು ಬರೆದುಕೊಟ್ಟರು. ಕೆಲವೇ ದನಗಳು, ಒಂದಕ್ಕೆ ಹೊಡೆದಂತೆ ಇನ್ನೊಂದಕ್ಕೆ ಹೊಡೆದಿಲ್ಲ. ಇವತ್ತು ಯಾವ ಕಾಲೇಜಿನ ಪ್ರಾಜೆಕ್ಟ್‌ಗೂ ಈ ಪರೀಕ್ಷೆ ಪಾಸಾಗುವುದಿಲ್ಲ. ಆದರೆ ಅದರಿಂದಲೇ 1911ರ ಪ್ರಸಿದ್ಧ ಕೋಲ್ಟ್ ಪಿಸ್ತೂಲು ಬಂತು. 1985ರವರೆಗೆ ಅಮೆರಿಕದ ಸೈನಿಕ ಅದನ್ನೇ ಹೊತ್ತ. .45ರ ದಂತಕಥೆ ಬೆಳೆದದ್ದು ಹೀಗೆ.

ಈಗ ಅಂಕಿ ನೋಡಿ. 9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 365 ಮೀಟರ್. .45ರ ಗುಂಡು ಸುಮಾರು 15 ಗ್ರಾಂ, ವೇಗ 255 ಮೀಟರ್ ಅಷ್ಟೇ. ಶಕ್ತಿ ಲೆಕ್ಕ ಹಾಕಿದರೆ 9 ಎಂಎಂ 530 ಜೂಲ್ ಹತ್ತಿರ, .45 ಅದಕ್ಕಿಂತ ಸ್ವಲ್ಪ ಕಡಿಮೆಯೇ. ಒಂದು ದಪ್ಪ ಮತ್ತು ನಿಧಾನ, ಇನ್ನೊಂದು ಸಣ್ಣ ಮತ್ತು ಚುರುಕು. ದಪ್ಪದ ವ್ಯತ್ಯಾಸವೂ ಎರಡೂವರೆ ಮಿಲಿಮೀಟರ್ ಮಾತ್ರ. ಒಂದು ತೊಗರಿಬೇಳೆಯ ದಪ್ಪ ಅಂದುಕೊಳ್ಳಿ.

ಪಿಸ್ತೂಲಿನ ಗುಂಡು ಮನುಷ್ಯನನ್ನು ಹಿಂದಕ್ಕೆ ಎತ್ತಿ ಬಿಸಾಡುವುದಿಲ್ಲ. ಹಾಗೆ ಬಿಸಾಡುವಷ್ಟು ಜೋರಿದ್ದರೆ ಹಾರಿಸಿದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಬೀಳಬೇಕಿತ್ತು, ಅಲ್ವಾ? ರೈಫಲ್ ಗುಂಡಿನ ವೇಗ ಇದರ ಎರಡೂವರೆ ಪಟ್ಟು, ಕೆಲವು ಸಲ ಅದಕ್ಕೂ ಜಾಸ್ತಿ. ಅದು ಹೋದ ದಾರಿಯ ಸುತ್ತಲಿನ ಮಾಂಸವನ್ನೂ ಹರಿಯಬಲ್ಲದು. ಪಿಸ್ತೂಲಿನ ಗುಂಡು ಹಾಗಲ್ಲ. ಅದು ತಾನು ಮುಟ್ಟಿದ್ದನ್ನು ಮಾತ್ರ ಕೆಡಿಸುತ್ತದೆ. ಆದ್ದರಿಂದ ಎಲ್ಲಿ ತಗುಲಿತು, ಎಷ್ಟು ಆಳಕ್ಕೆ ಹೋಯಿತು ಎಂಬುದರ ಮೇಲೆ ಎಲ್ಲ ನಿಂತಿದೆ. ತೋಳಿಗೆ ತಗುಲಿದ .45ಕ್ಕಿಂತ ಎದೆಗೆ ತಗುಲಿದ 9 ಎಂಎಂ ಬಲು ಮೇಲು. ಎರಡೂ ತಪ್ಪಿದರೆ ಎರಡರ ಬೆಲೆಯೂ ಸೊನ್ನೆ.

ಗುಂಡು ತಪ್ಪುವುದು ಜಾಸ್ತಿ ಯಾವಾಗ? ಕೈ ಒದೆತಕ್ಕೆ ಹೆದರಿದಾಗ. .45ರ ಗುಂಡಿನ ತಳ್ಳು 9 ಎಂಎಂಗಿಂತ ಸುಮಾರು ಶೇ 30ರಷ್ಟು ಜಾಸ್ತಿ. ಪಳಗಿದ ಕೈಗೆ ಅದೇನೂ ಲೆಕ್ಕವಿಲ್ಲ. ಹೊಸಬ ಮಾತ್ರ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಮಣಿಕಟ್ಟು ಕೆಳಗೆ ಬಾಗಿಸುತ್ತಾನೆ. ಗುಂಡು ಗುರಿಯ ಕೆಳಗೆ ನೆಲಕ್ಕೆ ಹೋಗುತ್ತದೆ. ತೂಕವೂ ಇದೆ. 9 ಎಂಎಂನ ಐವತ್ತು ತೋಟಾ (ಗುಂಡು, ಮದ್ದು ಎರಡೂ ಸೇರಿದ ಕಾರ್ಟ್ರಿಜ್) ಸುಮಾರು 600 ಗ್ರಾಂ. .45ರ ಐವತ್ತು ಒಂದು ಕಿಲೋ ದಾಟುತ್ತದೆ. 1911ರ ಕೋಲ್ಟ್‌ನ ಮ್ಯಾಗಜಿನ್‌ನಲ್ಲಿ 7 ಗುಂಡು, ನಮ್ಮ 1ಎಯಲ್ಲಿ 13, ಗ್ಲಾಕ್‌ನಲ್ಲಿ 17.

ಇಲ್ಲಿ .45ರ ಪರ ಇರುವವರ ಒಂದು ಮಾತನ್ನು ಒಪ್ಪಲೇಬೇಕು. 9 ಎಂಎಂ ಪರ ವಾದಿಸುವವರು ಯಾವಾಗಲೂ ಅಮೆರಿಕದ ತನಿಖಾ ಪೊಲೀಸ್ ಸಂಸ್ಥೆ ಎಫ್‌ಬಿಐ ಉದಾಹರಣೆ ಕೊಡುತ್ತಾರೆ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು. 9 ಎಂಎಂ ಸಾಲದು ಎಂಬ ಕೂಗೆದ್ದು, ಮೊದಲು 10 ಎಂಎಂ, ಆಮೇಲೆ .40 ಗುಂಡಿಗೆ ಹೋದರು. 2010ರ ದಶಕದ ಮಧ್ಯದಲ್ಲಿ ಮತ್ತೆ 9 ಎಂಎಂಗೇ ವಾಪಸು ಬಂದರು. ಗುರಿ ಚೆನ್ನಾಗಿ ಕೂರುತ್ತದೆ, ಹೊಸ ಗುಂಡುಗಳು ಮೊದಲಿಗಿಂತ ಒಳ್ಳೆಯವು ಎಂಬುದು ಅವರ ಕಾರಣ. ಸರಿ. ಆದರೆ ಆ ‘ಒಳ್ಳೆಯ ಗುಂಡು’ ಮೂತಿ ಟೊಳ್ಳಾದದ್ದು. ಮೈಯೊಳಗೆ ಹೋದ ಕೂಡಲೇ ಅರಳಿ ಅಗಲವಾಗುತ್ತದೆ. ಪೊಲೀಸರು ಅದನ್ನು ಬಳಸಬಹುದು. ಸೇನೆಗಳು ಸಾಮಾನ್ಯವಾಗಿ ಬಳಸುವುದಿಲ್ಲ.

ಯಾಕೆ ಎಂಬ ಪ್ರಶ್ನೆಯ ಬೇರು ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತಾದ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಮೂತಿ ತೆರೆದ ರೈಫಲ್ ಗುಂಡು ಮಾಡಿದರು. ವಾಯವ್ಯ ಗಡಿಯ ಪಠಾಣರ ಮೇಲೆ ಬಳಸಲು. ಗಾಯ ಎಷ್ಟು ಘೋರ ಇರುತ್ತಿತ್ತು ಅಂದರೆ ಆ ಊರಿನ ಹೆಸರೇ ಗುಂಡಿಗೆ ಅಂಟಿತು. 1899ರ ಹೇಗ್ ಘೋಷಣೆಯಲ್ಲಿ ದೇಹದೊಳಗೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದು ಎಂದು ದೇಶಗಳು ಒಪ್ಪಿಕೊಂಡವು. ಬ್ರಿಟನ್ ಆಗ ಒಪ್ಪದೆ 1907ರಲ್ಲಿ ಸೇರಿತು. ಅಮೆರಿಕ ಆ ಘೋಷಣೆಗೆ ಇವತ್ತಿಗೂ ಸೇರಿಲ್ಲ. 2017ರ ಹೊಸ ಪಿಸ್ತೂಲಿನ ಜೊತೆ ಟೊಳ್ಳು ಮೂತಿಯ ಗುಂಡನ್ನೂ ತರಿಸಿಕೊಂಡಿತು. ಉಳಿದ ಸೇನೆಗಳು ಸಾಮಾನ್ಯವಾಗಿ ಪೂರ್ತಿ ತಾಮ್ರದ ಕವಚ ಇರುವ ಗುಂಡನ್ನೇ ಬಳಸುತ್ತವೆ. ಅದು ಅರಳದೆ ನೇರ ತೂರಿ ಹೋಗುತ್ತದೆ.

ಕವಚದ ಗುಂಡು ಅರಳುವುದಿಲ್ಲ ಅಂದಮೇಲೆ ಮೊದಲೇ ದಪ್ಪ ಇರುವ .45ಕ್ಕೆ ಸ್ವಲ್ಪ ಅನುಕೂಲ ಇರುವುದು ನಿಜ. ಆ ಅನುಕೂಲಕ್ಕೆ ಆರು ಗುಂಡು ಕಡಿಮೆ, ಒದೆತ ಜಾಸ್ತಿ, ಹೊರೆ ಜಾಸ್ತಿ ಎಂಬ ಬೆಲೆ ಕೊಡಬೇಕು. ಸೇನೆಗಳು ಆ ವ್ಯಾಪಾರ ಬೇಡ ಅಂದವು. .45ನ್ನು ಎದೆಗಪ್ಪಿಕೊಂಡಿದ್ದ ಅಮೆರಿಕದ ಮರೀನ್ ಪಡೆ 2012ರಲ್ಲಿ ಮತ್ತೆ .45 ಪಿಸ್ತೂಲು ಕೊಂಡಿತ್ತು. ಹತ್ತು ವರ್ಷ ಆಗುವಷ್ಟರಲ್ಲಿ ಅದನ್ನೂ ಇಳಿಸಿ 9 ಎಂಎಂಗೆ ಬಂತು.

ಇನ್ನು ಸರಬರಾಜಿನ ವಿಷಯ. ಬೀದರ್ ಕೋಟೆಯ ತೋಪುಗಳನ್ನೋ ಕಲಬುರಗಿ ಕೋಟೆಯ 29 ಅಡಿ ಉದ್ದದ ಬಾರಾ ಗಜಿ ತೋಪನ್ನೋ ನೋಡಿದವರಿಗೆ ಗೊತ್ತು, ಒಂದರ ಬಾಯಿಯಂತೆ ಇನ್ನೊಂದರದ್ದಿಲ್ಲ. ಆ ಕಾಲದಲ್ಲಿ ತೋಪಿಗೆ ತಕ್ಕ ಗುಂಡನ್ನೇ ಹುಡುಕಬೇಕಿತ್ತು. ಇವತ್ತಿನ ಸೇನೆಗೆ ಅದು ಆಗದ ಮಾತು. 9 ಎಂಎಂ ತೋಟಾವನ್ನು ಜರ್ಮನಿಯ ಕಂಪನಿಯೊಂದರಲ್ಲಿದ್ದ ಆಸ್ಟ್ರಿಯಾದ ಜಾರ್ಜ್ ಲೂಗರ್ 1902ರಲ್ಲಿ ತಂದರು. ಈಗ ಅದು ಸಿಗದ ದೇಶವಿಲ್ಲ. ಸೋಲಾಪುರ ದಾಟಿ ಪುಣೆಗೆ ಹೋದರೆ ಖಡ್ಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯಲ್ಲೇ ತಯಾರಾಗಿದೆ. ರಷ್ಯನ್ನರ ಮಕರೋವ್ ಪಿಸ್ತೂಲಿನದ್ದೂ 9 ಎಂಎಂ ಅಂತಲೇ ಹೆಸರು. ಆದರೆ ಅದರ ತೋಟಾ ಗಿಡ್ಡ, ಗುಂಡು ಚೂರು ದಪ್ಪ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕೊನೆಗೆ ರಷ್ಯಾ ಕೂಡ ಗ್ರಾಚ್ ಪಿಸ್ತೂಲಿನ ಮೂಲಕ ಲೂಗರ್‌ನ 9 ಎಂಎಂಗೇ ಬಂತು.

ನಮ್ಮಲ್ಲಿ ಈ ಲೆಕ್ಕಕ್ಕೆ ಹೊಸ ತಿರುವು ಸಿಕ್ಕಿದೆ. ಇಷ್ಟು ದಿನ ಪಿಸ್ತೂಲಿಗೂ ಸ್ಟರ್ಲಿಂಗ್ ಕಾರ್ಬೈನಿಗೂ (ಗಿಡ್ಡ ನಳಿಗೆಯ ಬಂದೂಕು) ಒಂದೇ 9 ಎಂಎಂ ತೋಟಾ ಆಗುತ್ತಿತ್ತು. ಈಗ ಬರುತ್ತಿರುವ ಹೊಸ ಕಾರ್ಬೈನ್‌ಗಳು 5.56 ಎಂಎಂ. 4 ಲಕ್ಷಕ್ಕೂ ಮೇಲೆ ಬರಲಿವೆ. ಹಾಗಾದರೆ 9 ಎಂಎಂಗೆ ಇದ್ದ ದೊಡ್ಡ ಜೊತೆಗಾರ ಹೋದಂತಾಯಿತಲ್ಲ, ಈಗಲಾದರೂ ಬೇರೆ ಗುಂಡಿಗೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರೈಫಲ್ ಕಡೆ ಈಗಾಗಲೇ ಇನ್ಸಾಸ್‌ಗೆ ಒಂದು ತೋಟಾ, ಎಕೆ-203ಕ್ಕೆ ಇನ್ನೊಂದು, ಸಿಗ್ 716ಕ್ಕೆ ಮತ್ತೊಂದು. ಅದರ ಮೇಲೆ ಪಿಸ್ತೂಲಿಗೂ ಹೊಸ ಗಾತ್ರ ಅಂದರೆ ಸ್ಟೋರ್ ನೋಡಿಕೊಳ್ಳುವ ಹವಾಲ್ದಾರ್ ತಲೆ ಚಚ್ಚಿಕೊಳ್ಳಬೇಕು. ಪೊಲೀಸರು, ಅರೆಸೇನಾ ಪಡೆಗಳು, ಗ್ಲಾಕ್ 17 ಇಟ್ಟುಕೊಂಡಿರುವ ಎನ್‌ಎಸ್‌ಜಿ ಎಲ್ಲರದ್ದೂ 9 ಎಂಎಂ. ಅದಕ್ಕೆ ಹೊಸ ನೆಂಟರೂ ಬಂದಿದ್ದಾರೆ. ಡಿಆರ್‌ಡಿಒದ ಪುಣೆ ಪ್ರಯೋಗಾಲಯ ಮತ್ತು ಸೇನೆ ಸೇರಿ ವಿನ್ಯಾಸ ಮಾಡಿದ ಅಸ್ಮಿ ಮಷಿನ್ ಪಿಸ್ತೂಲು ಹೈದರಾಬಾದಿನ ಲೋಕೇಶ್ ಮಷೀನ್ಸ್‌ನಲ್ಲಿ ತಯಾರಾಗುತ್ತದೆ. 2024ರಲ್ಲಿ ಸೇನೆಯ ಉತ್ತರ ಕಮಾಂಡ್‌ಗೆ 550 ಹೋದವು. ಬೀದರಿನವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ ಹೈದರಾಬಾದ್, ಈ ಕಡೆಯ ಐಟಿಐ ಹುಡುಗರಿಗೆ ಇಂಥ ಕಾರ್ಖಾನೆ ಹೊಸ ಬಾಗಿಲು ಆಗಬಹುದು. ಅದಿರಲಿ.

ಅಂದಹಾಗೆ, ನಮ್ಮ ಭಾಗದ ಜನ ಕಣ್ಣಾರೆ ನೋಡಿರುವ ಬಂದೂಕು ಬ್ಯಾಂಕ್ ಬಾಗಿಲಲ್ಲಿ ಕೂತ ಮಾಜಿ ಸೈನಿಕರ 12 ಬೋರ್, ಇಲ್ಲವೇ ಲೈಸೆನ್ಸ್ ಇರುವ ಸಾಹುಕಾರರ .32 ರಿವಾಲ್ವರ್. ಭೀಮಾತೀರದ ಕಂಟ್ರಿ ಪಿಸ್ತೂಲು ಪೇಪರಿನಲ್ಲಿ ಓದಿದ್ದೇ ಜಾಸ್ತಿ. ಸೇನೆಯ 9 ಎಂಎಂ ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್, ಸಾಮಾನ್ಯರಿಗೆ ಲೈಸೆನ್ಸ್ ಸಿಗುವುದಿಲ್ಲ. .32 ಕೂಡ ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಕೂರುತ್ತದೆ. ಹೀಗಾಗಿ ಸೇನೆಯ ಪಿಸ್ತೂಲಿನ ಬಗ್ಗೆ ಇಲ್ಲಿ ನಡೆಯುವ ಮಾತೆಲ್ಲ ಕೇಳಿದ್ದು, ನೋಡಿದ್ದಲ್ಲ.

ಈಗ ಪಿಸ್ತೂಲಿನ ಕಡೆ ಬರೋಣ. ಸೇನೆಯಲ್ಲಿ ಪಿಸ್ತೂಲು ಯಾರಿಗೆ ಬೇಕು? ಕಾಲಾಳು ಸೈನಿಕನ ಕೆಲಸ ರೈಫಲ್‌ನಿಂದ ನಡೆಯುತ್ತದೆ. ಪಿಸ್ತೂಲು ಇರುವುದು ಅಧಿಕಾರಿಗಳಿಗೆ, ಟ್ಯಾಂಕ್ ಒಳಗೆ ಕೂರುವವರಿಗೆ, ಮಿಲಿಟರಿ ಪೊಲೀಸರಿಗೆ, ಮನೆಯೊಳಗೆ ನುಗ್ಗುವ ಕಮಾಂಡೊಗಳಿಗೆ, ಪೈಲಟ್‌ಗಳಿಗೆ. ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನ ಕಲಿಯುವ ಹುಡುಗ ಮುಂದೆ ಯುದ್ಧವಿಮಾನ ಹತ್ತಿದಾಗ ಕಾಕ್‌ಪಿಟ್‌ನಲ್ಲಿ ಕಾಲು ಚಾಚಲೂ ಜಾಗ ಇರುವುದಿಲ್ಲ. 2019ರ ಫೆಬ್ರವರಿ 27ರಂದು ಮಿಗ್-21ರಿಂದ ಹೊರಗೆ ಹಾರಿ ಗಡಿಯಾಚೆ ಇಳಿದ ಅಭಿನಂದನ್ ವರ್ಧಮಾನ್ ಬಳಿ ಪಿಸ್ತೂಲಿತ್ತು ಎಂದು ಆಗ ವರದಿಯಾಗಿತ್ತು. ಅಂಥ ಹೊತ್ತಿನಲ್ಲಿ ಪಿಸ್ತೂಲಿನಿಂದ ಯುದ್ಧ ಗೆಲ್ಲಲು ಆಗುವುದಿಲ್ಲ, ಎರಡು ನಿಮಿಷ ಸಿಕ್ಕರೆ ಅದೇ ದೊಡ್ಡದು. ಹಗುರ ಇರಬೇಕು, ಬಟ್ಟೆಗೆ ಸಿಕ್ಕಿಕೊಳ್ಳಬಾರದು, ಎಳೆದಾಗ ಕೆಲಸ ಮಾಡಬೇಕು.

ಮಿಲಿಟರಿ ಪೊಲೀಸ್ ವಿಷಯ ಇನ್ನೂ ಮುಖ್ಯ. 2021ರ ಮೇನಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಈಗ ನಮ್ಮ ಕಡೆಯ ಹೆಣ್ಣುಮಕ್ಕಳೂ ಆ ಭರ್ತಿಗೆ ಓಡುತ್ತಿದ್ದಾರೆ. ಸಣ್ಣ ಅಂಗೈ, ಗಿಡ್ಡ ಬೆರಳು ಇರುವವರಿಗೆ ದಪ್ಪ ಹಿಡಿಯ ಪಿಸ್ತೂಲು ಕೊಟ್ಟರೆ ಬೆರಳು ಟ್ರಿಗರ್‌ಗೆ ಸರಿಯಾಗಿ ಕೂರುವುದಿಲ್ಲ, ಎಳೆದಾಗ ಗುರಿ ಪಕ್ಕಕ್ಕೆ ವಾಲುತ್ತದೆ. ಅಮೆರಿಕದ ಟೆಂಡರಿನಲ್ಲಿ ಹಿಡಿಯ ಗಾತ್ರ ಬದಲಾಯಿಸಲು ಬರಬೇಕು ಎಂಬ ಷರತ್ತು ಇದ್ದದ್ದೇ ಇದಕ್ಕೆ. ನಮ್ಮ 1ಎಯಲ್ಲಿ ಆ ಸೌಕರ್ಯ ಇಲ್ಲ.

1ಎಯನ್ನು ಹತ್ತಿರದಿಂದ ನೋಡಿದರೆ ವಯಸ್ಸು ಕಾಣುತ್ತದೆ. ಪೂರ್ತಿ ಉಕ್ಕು, ಖಾಲಿ ಇದ್ದಾಗಲೇ ಕಿಲೋ ಹತ್ತಿರ ತೂಕ. ಸೇಫ್ಟಿಯ ಗುಂಡಿ ಉಗುರಿನಷ್ಟು, ಗ್ಲೌಸ್ ಹಾಕಿದ ಹೆಬ್ಬೆರಳಿಗೆ ಸಿಗುವುದೇ ಕಷ್ಟ. ಮ್ಯಾಗಜಿನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತೆ ಒಳಗೊಂದು ಕೊಂಡಿ ಇದೆ. ಅದರಿಂದ ಟ್ರಿಗರ್ ಎಳೆತ ಗಡುಸಾಗುತ್ತದೆ. ಹ್ಯಾಮರ್ (ಗುಂಡು ಸಿಡಿಸಲು ಹಿಂದಿನಿಂದ ಬಡಿಯುವ ಸಣ್ಣ ಸುತ್ತಿಗೆ) ಹಿಂದಕ್ಕೆ ಬಂದಾಗ ಹೆಬ್ಬೆರಳು ತೋರುಬೆರಳಿನ ಸಂದಿನ ಚರ್ಮ ಕಚ್ಚುತ್ತದೆ ಎಂಬುದು ಹೈ-ಪವರ್ ಬಗ್ಗೆ ಎಲ್ಲ ದೇಶದವರ ಹಳೇ ದೂರು.

ದೊಡ್ಡ ತೊಂದರೆ ಇದನ್ನು ಹೊರುವ ರೀತಿಯಲ್ಲಿದೆ. ಇದರ ಟ್ರಿಗರ್ ಹ್ಯಾಮರನ್ನು ಬೀಳಿಸುತ್ತದೆ ಅಷ್ಟೇ, ಎತ್ತುವುದಿಲ್ಲ. ಆದ್ದರಿಂದ ಒಂದೋ ಹ್ಯಾಮರ್ ಎತ್ತಿ ಸೇಫ್ಟಿ ಹಾಕಿ ಹೊರಬೇಕು. ಅದು ನೋಡಿದರೇ ಮೇಲಧಿಕಾರಿಗಳಿಗೆ ಎದೆ ಢವಢವ. ಇಲ್ಲವೇ ಚೇಂಬರ್ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ಖಾಲಿ ಇಟ್ಟು ಹೊರಬೇಕು. ಆಗ ಹಾರಿಸುವ ಮುಂಚೆ ಇನ್ನೊಂದು ಕೈಯಿಂದ ಸ್ಲೈಡ್ (ಪಿಸ್ತೂಲಿನ ಜಾರುವ ಮೇಲ್ಭಾಗ) ಹಿಂದಕ್ಕೆ ಎಳೆಯಬೇಕು. ಆ ಕೈಗೆ ಗಾಯವಾಗಿದ್ದರೆ? ಆ ಕೈಯಲ್ಲಿ ಗಾಯಾಳು ಗೆಳೆಯನ ಕಾಲರ್ ಹಿಡಿದು ಎಳೆಯುತ್ತಿದ್ದರೆ? ಬ್ರಿಟನ್ ಗ್ಲಾಕ್‌ಗೆ ಹೋಗಲು ಇದೇ ದೊಡ್ಡ ಕಾರಣ. ಗುಂಡು ತುಂಬಿಕೊಂಡೇ ಹೊರಬಹುದು, ತೆಗೆದ ತಕ್ಷಣ ಹಾರಿಸಬಹುದು.

ಹಾಗಂತ ಗ್ಲಾಕ್ ಕಣ್ಣು ಮುಚ್ಚಿ ತರಿಸಿ ಅಂತಲೂ ಹೇಳಲಾರೆ. ಅದಕ್ಕೆ ಹೆಬ್ಬೆರಳಿನ ಸೇಫ್ಟಿ ಇಲ್ಲ, ಟ್ರಿಗರ್‌ನಲ್ಲೇ ಇರುವ ಸಣ್ಣ ನಾಲಿಗೆಯೇ ರಕ್ಷಣೆ. ದಿನಾ ಹಾರಿಸುವ ಎನ್‌ಎಸ್‌ಜಿ ಕಮಾಂಡೊಗೆ ಅದು ಸಾಕು. ವರ್ಷಕ್ಕೆ ಬೆರಳೆಣಿಕೆಯಷ್ಟು ಗುಂಡು ಹಾರಿಸುವವನ ಕೈಯಲ್ಲಿ, ಸೊಂಟದ ಚೀಲ ಅಂದರೆ ಹೋಲ್ಸ್ಟರ್‌ಗೆ ಹಾಕುವಾಗ ಬಟ್ಟೆಯ ಅಂಚು ಟ್ರಿಗರ್‌ಗೆ ಸಿಕ್ಕರೆ ತೊಡೆಗೆ ಗುಂಡು. ಅಮೆರಿಕದ ಸೇನೆ ತನ್ನ ಪಿ320ಕ್ಕೆ ಹೆಬ್ಬೆರಳಿನ ಸೇಫ್ಟಿ ಬೇಕೇ ಬೇಕು ಅಂದಿತು. ನಮ್ಮ ಸೇನೆಗೂ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಅದೇ ಪಿ320 ಕಥೆಯಲ್ಲಿ ನಮ್ಮ ಖರೀದಿದಾರರು ಓದಬೇಕಾದ ಇನ್ನೊಂದು ಅಧ್ಯಾಯ ಇದೆ. ಸಿಗ್ ಕಂಪನಿ ಗ್ಲಾಕ್‌ಗಿಂತ ಸುಮಾರು 10 ಕೋಟಿ ಡಾಲರ್ ಕಡಿಮೆ ಬೆಲೆ ಹಾಕಿ ಗುತ್ತಿಗೆ ಗೆದ್ದಿತು. ಗ್ಲಾಕ್ ದೂರು ಕೊಟ್ಟರೂ 2017ರ ಜೂನ್‌ನಲ್ಲಿ ಅದು ವಜಾ ಆಯಿತು. ಸೇನೆಯ ಪರೀಕ್ಷೆಯಲ್ಲಿ ಪಿಸ್ತೂಲು ಕೆಳಗೆ ಬಿದ್ದಾಗ ಗುಂಡು ಹಾರಿದ್ದು ಕಂಡಿತು. ಟ್ರಿಗರ್‌ನ ಒಳಭಾಗಗಳನ್ನು ಹಗುರ ಮಾಡಿ ಸರಿಪಡಿಸಿದರು. ಮಾರುಕಟ್ಟೆಗೆ ಹೋಗಿದ್ದ ಪಿಸ್ತೂಲುಗಳಿಗೂ ಕಂಪನಿ ರಿಪೇರಿ ಘೋಷಿಸಿತು. 2025ರ ಜುಲೈನಲ್ಲಿ ವಾಯುನೆಲೆಯೊಂದರಲ್ಲಿ ಒಬ್ಬ ಯೋಧ ಸತ್ತಾಗ ಅಮೆರಿಕದ ವಾಯುಪಡೆಯ ಒಂದು ಕಮಾಂಡ್ ಈ ಪಿಸ್ತೂಲಿನ ಬಳಕೆಯನ್ನೇ ಕೆಲ ವಾರ ನಿಲ್ಲಿಸಿತು. ಆಮೇಲೆ ಆ ಸಾವಿನ ಬಗ್ಗೆ ಸುಳ್ಳು ಹೇಳಿದ ಆರೋಪದ ಮೇಲೆ ಇನ್ನೊಬ್ಬ ಯೋಧನನ್ನು ಬಂಧಿಸಿದರು. ಪಿಸ್ತೂಲುಗಳನ್ನು ತಪಾಸಣೆ ಮಾಡಿ ಮತ್ತೆ ಬಳಕೆಗೆ ಬಿಟ್ಟರು. ಒಮ್ಮೆ ಸೈನಿಕನ ಮನಸ್ಸಿನಲ್ಲಿ ಅನುಮಾನ ಹೊಕ್ಕರೆ ತನಿಖೆಯ ವರದಿ ಓದಿಸಿ ಅದನ್ನು ತೆಗೆಯುವುದು ಕಷ್ಟ.

ನಮ್ಮ ಪರೀಕ್ಷೆ ನಮ್ಮ ನೆಲದಲ್ಲೇ ಆಗಬೇಕು. 1911ರ ಕೋಲ್ಟ್‌ಗೆ ಆರು ಸಾವಿರ ಗುಂಡು ಹಾರಿಸಿದ್ದರು. ಬಿಸಿಯಾದರೆ ನೀರಿಗೆ ಅದ್ದಿ ಮತ್ತೆ ಹಾರಿಸಿದ್ದರು. ಒಮ್ಮೆಯೂ ನಿಲ್ಲಲಿಲ್ಲ. ನಮಗೆ ಸಿಯಾಚಿನ್‌ನ ಚಳಿ, ರಾಜಸ್ಥಾನದ ಮರಳು, ಈಶಾನ್ಯದ ಮಳೆ ಎಲ್ಲ ಬೇಕು. ಮೇ ತಿಂಗಳ ಕಲಬುರಗಿಯ ಬಿಸಿಲಲ್ಲಿ ನಿಲ್ಲಿಸಿದ ಜೀಪಿನ ಸೀಟಿನ ಮೇಲೆ ಪಿಸ್ತೂಲನ್ನು ಮಧ್ಯಾಹ್ನ ಪೂರ್ತಿ ಬಿಟ್ಟು ಆಮೇಲೆ ಹಾರಿಸಿ ನೋಡಿದರೂ ಎಷ್ಟೋ ವಿಷಯ ತಿಳಿಯುತ್ತದೆ. ಪ್ಲಾಸ್ಟಿಕ್ ಚೌಕಟ್ಟಿಗೆ ಬೆವರಿನ ಉಪ್ಪು ತಾಗದು, ತುಕ್ಕು ಹಿಡಿಯದು. ಈ ಒಂದು ವಿಷಯದಲ್ಲಿ ಹೊಸ ಪಿಸ್ತೂಲುಗಳ ಮುಂದೆ ಹಳೇ ಉಕ್ಕು ಸೋಲುತ್ತದೆ.

ಕೊನೆಗೆ, ಯಾರೂ ಮಾತಾಡದ ಆ ಖರ್ಚು. ಅದು ಅಭ್ಯಾಸದ ತೋಟಾ. ರೈಫಲ್‌ಗೆ ಭುಜದ ಆಸರೆ ಇದೆ. ಪಿಸ್ತೂಲಿಗೆ ಎರಡು ಕೈ ಬಿಟ್ಟರೆ ಏನೂ ಇಲ್ಲ. ನಳಿಗೆ ಗಿಡ್ಡ, ಗುರಿಯ ಕಡ್ಡಿಗಳು ಹತ್ತಿರ ಹತ್ತಿರ. ಕೈ ಕೂದಲೆಳೆಯಷ್ಟು ನಡುಗಿದರೂ 25 ಮೀಟರ್ ದೂರದಲ್ಲಿ ಗುಂಡು ಎಲ್ಲೋ ಹೋಗುತ್ತದೆ. ಹಾಗಾಗಿ ರೈಫಲ್‌ಗಿಂತ ಪಿಸ್ತೂಲಿಗೆ ಅಭ್ಯಾಸ ಜಾಸ್ತಿ ಬೇಕು. ಸಾಮಾನ್ಯವಾಗಿ ಆಗುವುದು ಉಲ್ಟಾ. ಪಿಸ್ತೂಲು ಎರಡನೇ ಆಯುಧ ಅಂತ ಅಭ್ಯಾಸದಲ್ಲೂ ಎರಡನೇ ಸಾಲು. ಒಳ್ಳೆಯ ಪಿಸ್ತೂಲು ತಂದು ಪೆಟ್ಟಿಗೆಯಲ್ಲಿಟ್ಟರೆ ಅದು ಅಧಿಕಾರಿಯ ಅಲಂಕಾರ ಆಗುತ್ತದೆ ಅಷ್ಟೇ. 9 ಎಂಎಂ ತೋಟಾ ಅಗ್ಗ, ಇಲ್ಲೇ ತಯಾರಾಗುತ್ತದೆ, ಒದೆತ ಕಡಿಮೆ. ಒಂದೇ ದಿನ ನೂರು ಹಾರಿಸಿದರೂ ಮಣಿಕಟ್ಟು ನೋಯುವುದಿಲ್ಲ. ಗುಂಡಿನ ಗಾತ್ರದ ಜಗಳದಲ್ಲಿ 9 ಎಂಎಂ ಪರ ನಾನು ಕೊಡುವ ಎಲ್ಲಕ್ಕಿಂತ ಗಟ್ಟಿ ಕಾರಣ ಇದೇ.

ಸೇನೆ ಹೊಸ ಪಿಸ್ತೂಲಿಗೆ ಟೆಂಡರ್ ಕರೆಯುವಾಗ ಒಂದೊಂದು ಪಿಸ್ತೂಲಿನ ಬೆಲೆಯ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಇರಲಿ. ನಾಲ್ಕು ಮ್ಯಾಗಜಿನ್‌ಗೆ ಎಷ್ಟು, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್‌ಗೆ ಎಷ್ಟು, ಒಬ್ಬರಿಗೆ ಐದು ವರ್ಷ ಬೇಕಾಗುವ ಅಭ್ಯಾಸದ ತೋಟಾಕ್ಕೆ ಎಷ್ಟು. ಈ ಮೊತ್ತ ಕೂಡಿಸಿದಾಗ ಕಡಿಮೆ ಬಂದ ಕಂಪನಿಗೆ ಗುತ್ತಿಗೆ ಕೊಡಿ. ಇಶಾಪುರದವರೂ ಹೈದರಾಬಾದಿನವರೂ ಅದೇ ಸಾಲಿನಲ್ಲಿ ನಿಂತು ಬೆಲೆ ಹಾಕಲಿ. ಹೊಸದು ಬರುವವರೆಗೆ ಇರುವ 1ಎಯಲ್ಲೇ ಅಭ್ಯಾಸದ ತೋಟಾ ಹೆಚ್ಚಿಸಲು ಯಾವ ಟೆಂಡರೂ ಬೇಕಿಲ್ಲ, ಖಡ್ಕಿಗೆ ಇಂಡೆಂಟ್ ಕಳಿಸಿದರೆ ಆಯಿತು.